ಗುಡ್ಡೆಗೆ ಹೋದದ್ದು

ರಜೆ ಬಂದ ಕೂಡಲೇ ನೀವು ಮಕ್ಕಳು ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಬೆಟ್ಟಕ್ಕೆ ಹೊರಡುತ್ತೀರಿ. ಅದಕ್ಕೆ ಟ್ರೆಕ್ಕಿಂಗ್ ಅನ್ನುತ್ತೀರಿ. ನಮ್ಮ ಮನೆಯ ದೊಡ್ಡವರು ಮಾತ್ರ ಇವತ್ತಿಗೂ ಅದನ್ನು 'ಗುಡ್ಡೆಗೆ ಹೋಗುವುದು' ಎಂದೇ ಹೇಳುತ್ತಾರೆ, ಹೇಳಿ ಒಂದು ನಗೆ ನಗುತ್ತಾರೆ. ಆ ನಗೆ ಏಕೆಂದು ಕಳೆದ ಸಲ ಊಟಕ್ಕೆ ಕೂತಾಗ ನೀವು ಕೇಳಿದಿರಿ. ನಾನು ಸಾರು ತರುವ ನೆಪ ಮಾಡಿ ಒಳಗೆ ಹೋದೆ. ಎದುರಿಗೆ ಕೂತವರ ಮುಖ ನೋಡಿಕೊಂಡು ಇಂಥದ್ದನ್ನು ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಸಾಕು. ಆಗ ಎಲ್ಲರೂ ಆಡಿದ್ದು ತುಳುವಿನಲ್ಲಿ. ನಿಮಗೆ ಓದಲು ಸುಲಭವಾಗಲೆಂದು ಮಾತುಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲು ಆ ಮಾತಿನ ಅರ್ಥ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಮೂಲ್ಕಿಯಿಂದ ಒಳಗಿನ ಒಂದು ಊರಿನಲ್ಲಿ. ಬಯಲು ಮುಗಿದಲ್ಲಿ ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ ದಿಬ್ಬ. ಅದರ ಮೇಲೆ ಮುಳಿಹುಲ್ಲು, ಗೇರುಮರ, ಕೇಪಳದ ಪೊದೆ. ಅದೇ ನಮ್ಮ ಗುಡ್ಡೆ. ಮನೆಗಳಲ್ಲಿ ಕಕ್ಕಸು ಇಲ್ಲದ ಕಾಲವಾದ್ದರಿಂದ ಬೆಳಿಗ್ಗೆ ನಸುಕಿನಲ್ಲಿ, ಸಂಜೆ ಮಬ್ಬಿನಲ್ಲಿ ಎಲ್ಲರೂ ಹೋಗುತ್ತಿದ್ದದ್ದು ಅಲ್ಲಿಗೇ. ಹಾಗಾಗಿ ನಮ್ಮ ಕಡೆ 'ಅವಳು ಗುಡ್ಡೆಗೆ ಹೋಗಿದ್ದಾಳೆ' ಎಂದರೆ ಅಲ್ಲಿಗೆ ಮಾತು ಮುಗಿಯಿತು. ಏಕೆ, ಎಷ್ಟು ಹೊತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವರಿಗೇ ನಾಚಿಕೆ.

ಮದುವೆಯಾಗಿ ನಾನು ಮಂಗಳೂರಿನ ಉರ್ವದ ಮನೆಗೆ ಬಂದದ್ದು ಎಪ್ಪತ್ತರ ದಶಕ ಶುರುವಾದಾಗ. ನಿಮ್ಮ ಅಜ್ಜ ಮತ್ತು ಅವರ ಅಣ್ಣ ಮಾರ್ಕೆಟಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದರು. ಬೆಳಗಿನ ಬಸ್ಸಿನ ಡ್ರೈವರುಗಳಿಂದ ಹಿಡಿದು ಸಂಜೆ ಗೋಳಿಬಜೆ ತಿನ್ನಲು ಬರುವವರ ತನಕ ಎಲ್ಲರೊಂದಿಗೆ ಅಜ್ಜನದೇ ಮಾತು. ಹಣದ ಗಲ್ಲೆಯಲ್ಲಿ ಕೂತು ಅವರು ಕೂಗುವ ಕೂಗು ಬೀದಿಗೆ ಕೇಳುತ್ತಿತ್ತು. ಆದರೆ ಮಳೆಗಾಲ ಮುಗಿದು ಗಾಳಿ ತಿಳಿಯಾದ ಮೇಲೆ ಅವರು ಬೇರೆ ಮನುಷ್ಯನಾಗುತ್ತಿದ್ದರು. ಬೆಳಿಗ್ಗೆ ಎದ್ದು ತಾರಸಿ ಹತ್ತಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುವುದು. ತೆಂಗಿನ ತಲೆಗಳ ಆಚೆ, ಆಕಾಶಕ್ಕಿಂತ ಒಂದು ಚೂರು ಗಾಢವಾಗಿ ಘಟ್ಟದ ಸಾಲು ಕಾಣುತ್ತಿತ್ತು. ಅದರಲ್ಲಿ ಕುದುರೆಮುಖ ಯಾವುದೆಂದು ಅವರೇ ನನಗೆ ತೋರಿಸಿಕೊಟ್ಟದ್ದು. ಆಮೇಲೆ ಒಗೆದ ಬಟ್ಟೆ ಹರವಲು ಹೋದಾಗಲೆಲ್ಲ ನಾನೂ ನೋಡತೊಡಗಿದೆ. ಒದ್ದೆ ಸೀರೆ ಹಗ್ಗಕ್ಕೆ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ.

ಅಜ್ಜನ ಜೊತೆಗಾರ ಅವರ ಶಾಲೆಯ ಗೆಳೆಯ. ಬಂದರಿನಲ್ಲಿ ಅವರ ಮನೆತನದ ಹಗ್ಗ ಮತ್ತು ತಾರ್ಪಾಲಿನ ಅಂಗಡಿ. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮೊಡನೆ ತುಳು. ನನ್ನ ಅತ್ತೆ, ಎಂದರೆ ನಿಮ್ಮ ಮುತ್ತಜ್ಜಿ, ಅವರನ್ನು 'ಬಂದರಿನ ಮಗ' ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಇಬ್ಬರೂ ಘಟ್ಟ ಹತ್ತುವುದು. ಮೊದಲೆಲ್ಲ ಗೋಣಿಯಲ್ಲಿ ಸಾಮಾನು ತುಂಬಿ ಹಗ್ಗ ಕಟ್ಟಿ ಹೊತ್ತುಕೊಂಡು ಹೋಗುತ್ತಿದ್ದರಂತೆ. ನನ್ನ ತವರಿನಿಂದ ಹೊಲಿಗೆ ಮಿಷನ್ ಬಂದದ್ದು ನೋಡಿ ಅಜ್ಜ ಒಂದು ದಿನ ಹಸಿರು ತಾರ್ಪಾಲಿನ ತುಂಡು ತಂದು ಮುಂದಿಟ್ಟರು. ಬೆನ್ನಿಗೆ ಹಾಕುವ ಚೀಲ ಬೇಕು, ಶಾಲೆ ಮಕ್ಕಳದ್ದರ ಹಾಗೆ, ಆದರೆ ಅದರೊಳಗೆ ಒಂದು ಮನೆ ಹಿಡಿಯಬೇಕು ಎಂದರು.

ತಾರ್ಪಾಲು ಹೊಲಿಯುವುದು ರವಕೆ ಹೊಲಿದ ಹಾಗಲ್ಲ. ಸೂಜಿಗಳು ಒಂದರ ಮೇಲೊಂದು ಮುರಿದವು. ನೂಲಿಗೆ ಮೇಣ ಸವರಿ, ಮಿಷನ್ ಸೋತಲ್ಲಿ ದಬ್ಬಣದಿಂದ ಕೈಹೊಲಿಗೆ ಹಾಕಿ ಎರಡು ಚೀಲ ಮಾಡಿಕೊಟ್ಟೆ. ಬೆಟ್ಟದಿಂದ ವಾಪಸು ಬಂದಾಗ ಅಜ್ಜನ ಹೆಗಲಿನ ಮೇಲೆ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು. ಮರುವರ್ಷ ಪಟ್ಟಿಯೊಳಗೆ ಬೂರುಗದ ಹತ್ತಿ ತುಂಬಿದೆ. ಹತ್ತಿ ಜಡಿದು ಗಟ್ಟಿಯಾಯಿತು, ಹೆಗಲು ಮತ್ತೂ ನೋಯುತ್ತದೆ ಎಂದರು. ಆಗ ನನಗೆ ಬಾವಿಯಿಂದ ನೀರು ತರುವುದು ನೆನಪಾಯಿತು. ಕೊಡ ಎಷ್ಟು ಭಾರವಿದ್ದರೂ ಹೆಂಗಸರು ಅದನ್ನು ಕೂರಿಸುವುದು ಸೊಂಟದ ಮೇಲೆ. ಚೀಲದ ಬುಡಕ್ಕೆ ಒಂದು ಅಗಲ ಪಟ್ಟಿ ಹೊಲಿದು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ ಎಂದೆ. ಆ ವರ್ಷ ಇಬ್ಬರೂ ನಗುತ್ತಾ ಇಳಿದು ಬಂದರು.

ಹಾಗೆ ಚೀಲದ ಮೂಲಕ ನನಗೂ ಬೆಟ್ಟಕ್ಕೂ ಪರಿಚಯವಾಯಿತು. ಬಂದ ಚೀಲವನ್ನು ತೊಳೆಯುವ ಮೊದಲು ಅಂಗಳದಲ್ಲಿ ಕೊಡವುತ್ತಿದ್ದೆ. ಹೊಲಿಗೆಯ ಸಂದಿನಿಂದ ಹುಲ್ಲಿನ ಬೀಜ, ಒಣಗಿದ ಜರಿಯ ಎಲೆ, ಕಪ್ಪಗಿನ ಮಣ್ಣು, ಸತ್ತ ಒಂದೆರಡು ಉಂಬಳ. ನಮ್ಮ ಮಣ್ಣು ಕೆಂಪು; ಅಲ್ಲಿಯದು ಕಾಫಿಪುಡಿಯ ಹಾಗೆ ಕಪ್ಪು. ಬಟ್ಟೆಗೆ ಮುಖ ಹತ್ತಿರ ಹಿಡಿದರೆ ಹೊಗೆ, ಮಂಜು, ಯಾವುದೋ ಸೊಪ್ಪು ಎಲ್ಲ ಸೇರಿದ ವಾಸನೆ. ಆ ಬೀಜಗಳು ಯಾವ ಹುಲ್ಲಿನಿಂದ ಬಂದವು, ಆ ಹುಲ್ಲು ಎಲ್ಲಿ ನಿಂತು ಗಾಳಿಗೆ ಅಲ್ಲಾಡುತ್ತಿದೆ ಎಂದು ನಾನು ಯೋಚಿಸುತ್ತ ಕೂರುತ್ತಿದ್ದೆ. ನಾನು ಹೊಲಿದ ಚೀಲ ಇಷ್ಟು ಸಲ ಹೋಗಿ ಬಂತು, ನಾನು ಒಂದು ಸಲವೂ ಹೋಗಿಲ್ಲ. ನನಗೂ ಒಮ್ಮೆ ಹೋಗಬೇಕು. ಇದೊಂದು ಆಸೆ ಮನಸ್ಸಿಗೆ ಹೊಕ್ಕದ್ದು ಮತ್ತೆ ಹೊರಗೆ ಹೋಗಲೇ ಇಲ್ಲ.

ಕೇಳುವುದೇ ಕಷ್ಟ. ಆ ಕಾಲದಲ್ಲಿ ನಮ್ಮಂಥ ಮನೆಯ ಸೊಸೆಯಂದಿರು ತವರಿಗೆ, ಮದುವೆಗೆ, ನಾಗತಂಬಿಲದ ಪೂಜೆಗೆ ಹೋಗುವುದು ಉಂಟು. ಸುಮ್ಮನೆ ಹೋಗುವುದು ಎಂಬುದಿಲ್ಲ. ಅಲ್ಲದೆ ನಾನು ಗಂಡಸರ ಎದುರು ಬಾಯಿ ತೆರೆದವಳೇ ಅಲ್ಲ. ಚಹಾ ಕೊಟ್ಟು ಬಾಗಿಲ ಮರೆಗೆ ಸರಿದುಬಿಡುತ್ತಿದ್ದೆ.

ನಿಮ್ಮ ಅಪ್ಪ ಆಗ ಅಂಬೆಗಾಲಿಡುತ್ತಿದ್ದ. ಒಂದು ಸಂಜೆ ಜಗಲಿಯಲ್ಲಿ ಅಜ್ಜನೂ ಬಂದರಿನವರೂ ಆ ವರ್ಷದ ಪಯಣದ ಮಾತಾಡುತ್ತ ಕೂತಿದ್ದರು. ನಾನು ಚಹಾ ಕೊಟ್ಟು ತಿರುಗಿದಾಗ ಬಂದರಿನವರು ಚೀಲ ಎತ್ತಿ ಹಿಡಿದು, ಸೊಂಟದ ಪಟ್ಟಿ ಯಾರ ತಲೆಗೆ ಹೊಳೆದದ್ದೆಂದು ಕೇಳಿದರು. ಅಜ್ಜ ನನ್ನ ಕಡೆ ಕೈ ತೋರಿಸಿದರು. ಆ ಹೊಗಳಿಕೆಯಿಂದ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಎಷ್ಟೋ ದಿನಗಳಿಂದ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಯೇ ಬಿಟ್ಟೆ.

"ನನಗೂ ಗುಡ್ಡೆಗೆ ಹೋಗ್ಬೇಕು."

ಅಜ್ಜ ಚಹಾದ ಗ್ಲಾಸು ಕೆಳಗಿಟ್ಟು ನನ್ನನ್ನು ನೋಡಿದರು. "ಹೋಗು ಮಾರಾಯ್ತಿ. ಅದಕ್ಕೆ ನನ್ನನ್ನು ಕೇಳ್ಲಿಕ್ಕೆ ಎಂತ ಉಂಟು?"

ನನಗೆ ಆಗಲೂ ತಿಳಿಯಲಿಲ್ಲ. "ಒಬ್ಬಳೇ ಅಲ್ಲ, ನಿಮ್ಮಿಬ್ಬರ ಒಟ್ಟಿಗೆ" ಎಂದೆ.

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಮೊರ ನಿಂತಿತು. "ಹಿತ್ತಿಲಲ್ಲಿ ಕಕ್ಕಸು ಕಟ್ಟಿಸಿ ಸಿಮೆಂಟು ಹಾಕಿಸಿದ್ದು ಎಂತಕ್ಕೆ ಮತ್ತೆ? ಗುಡ್ಡೆಗೆ ಹೋಗ್ಲಿಕ್ಕೆ ಇಬ್ಬರು ಗಂಡಸರು ಬೇಕಾ ನಿನಗೆ?"

ಅಜ್ಜನಿಗೆ ನಗು ತಡೆಯಲಿಲ್ಲ. ಬಂದರಿನವರು ಮರ್ಯಾದೆಗೆ ಗ್ಲಾಸಿನೊಳಗೆ ಮುಖ ಹಾಕಿ ಚಹಾ ನೆತ್ತಿಗೇರಿಸಿಕೊಂಡರು. ಅತ್ತೆ ನಕ್ಕು ನಕ್ಕು ಮೊರದ ಅಕ್ಕಿ ನೆಲಕ್ಕೆ ಚೆಲ್ಲಿದರು. ನಾನು ಒಳಗೆ ಓಡಿಹೋಗಿ ಒಲೆಯ ಮುಂದೆ ಕೂತೆ. ಅವರೆಲ್ಲ ಹೇಳುತ್ತಿದ್ದದ್ದು 'ಘಟ್ಟ ಹತ್ತುವುದು' ಎಂದು. ನನ್ನ ಹಳ್ಳಿಯ ಬಾಯಿಗೆ ನೆಲದಿಂದ ಎತ್ತರವಾದದ್ದೆಲ್ಲ ಗುಡ್ಡೆಯೇ. ಆಡಿದ ಮಾತಿಗೆ ಎಲ್ಲರೂ ನಕ್ಕರು, ಆದರೆ ಮಾತು ಯಾರಿಗೂ ಕೇಳಿಸಲಿಲ್ಲ. ಗಂಡಸರಿಬ್ಬರೂ ಮರುವಾರ ಹೊರಟುಹೋದರು.

ಆ ತಮಾಷೆ ವರ್ಷವಿಡೀ ಮುಗಿಯಲಿಲ್ಲ. ನಾನು ಹಿತ್ತಿಲಿಗೆ ಹೊರಟರೆ ಸಾಕು, ಜೊತೆಗೆ ಜನ ಬೇಕಾ ಎಂದು ಅತ್ತೆ ಕೇಳುವರು. ನಾನೂ ನಗುತ್ತಿದ್ದೆ. ಅತ್ತೆಯ ಬಾಯಿ ಹರಿತವೇ ಹೊರತು ಮನಸ್ಸು ಕೆಟ್ಟದ್ದಲ್ಲ. ಆದರೆ ಮಧ್ಯಾಹ್ನ ಅವರು ಮಲಗಿದ ಮೇಲೆ ನಾನು ಒಂದು ಕೆಲಸ ಶುರುಮಾಡಿದ್ದೆ. ಹಳೆಯ ಚೀಲಗಳನ್ನು ಹೊಲಿದು ಉಳಿದ ತಾರ್ಪಾಲಿನ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಇನ್ನೊಂದು ಚೀಲ ಹೊಲಿಯತೊಡಗಿದೆ. ತುಂಡುಗಳು ದಂಡವಾಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪಟ್ಟಿಯ ಅಳತೆಯನ್ನು ಮಾತ್ರ ನನ್ನ ಭುಜಕ್ಕೆ ಇಟ್ಟು ತೆಗೆದೆ.

ಮುಂದಿನ ಮಳೆಗಾಲದಲ್ಲಿ ಬಂದರಿನವರಿಗೆ ಗಲ್ಫಿನ ವೀಸಾ ಬಂತು. ಅವರ ಅಣ್ಣ ಮೊದಲೇ ಅಲ್ಲಿದ್ದರು. ವರ್ಷ ಮುಗಿಯುವ ಮೊದಲು ಹೊರಡಬೇಕು, ಮತ್ತೆ ಊರಿಗೆ ಬರುವುದು ಯಾವಾಗಲೋ. ಅಜ್ಜ ಎರಡು ದಿನ ಗಲ್ಲೆಯಲ್ಲಿ ಕೂಗಲಿಲ್ಲ. ಈ ಸಲದ್ದೇ ಕೊನೆಯದು, ಅವನಿಲ್ಲದೆ ನಾನೊಬ್ಬ ಹೋಗುವವನಲ್ಲ ಎಂದು ಊಟದ ಹೊತ್ತಿಗೆ ಹೇಳಿದರು. ನನ್ನ ಕೈಯ ಸೌಟು ಹಾಗೆಯೇ ನಿಂತಿತು. ಈ ವರ್ಷ ಹೋಗದಿದ್ದರೆ ನನಗೆ ಇನ್ನು ಹೋಗುವುದೆಂಬುದೇ ಇಲ್ಲ.

ಆ ವಾರವೇ ಅತ್ತೆ ಪೆಟ್ಟಿಗೆಯ ಹಿಂದೆ ಏನೋ ಹುಡುಕುವಾಗ ನನ್ನ ಚೀಲ ಅವರ ಕೈಗೆ ಸಿಕ್ಕಿತು. ತಿರುಗಿಸಿ ಮುರುಗಿಸಿ ನೋಡಿ, ಪಟ್ಟಿಯನ್ನು ಎಳೆದು ನೋಡಿ, ನನ್ನನ್ನು ಕರೆದರು. ತನ್ನ ಮಗನ ಹೆಗಲು ಇಷ್ಟು ಸಣ್ಣದಾ ಎಂದು ಕೇಳಿದರು. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ.

"ಅವತ್ತು ನೀನು ಹೇಳಿದ್ದು ಆ ಗುಡ್ಡೆಯಾ?" ಎಂದು ತಾರಸಿಯ ದಿಕ್ಕಿಗೆ ಗಲ್ಲ ಎತ್ತಿ ಕೇಳಿದರು.

ಹೌದೆಂದು ತಲೆ ಆಡಿಸಿದೆ. ಮತ್ತೆ ನಗುತ್ತಾರೆಂದು ಕಾದೆ. ಅವರು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದರು.

"ನಾವು ಹುಡುಗಿಯರು ಗುಡ್ಡೆಗೆ ಹೋಗ್ತಿದ್ದದ್ದು ಬರೀ ಆ ಕೆಲಸಕ್ಕೆ ಅಂತ ಗ್ರಹಿಸಿದ್ದೀಯಾ ನೀನು?" ಎಂದರು.

ಆಮೇಲೆ ಅವರು ಹೇಳಿದ್ದು, ನಾನು ಅವರ ಬಾಯಿಂದ ಅಷ್ಟು ದೀರ್ಘವಾಗಿ ಕೇಳಿದ ಮೊದಲ ಕತೆ. ಅವರ ತವರು ದೊಡ್ಡ ಕೂಡುಮನೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಯಾರಾದರೊಬ್ಬರು ಹೆಸರು ಹಿಡಿದು ಕರೆಯುತ್ತಲೇ ಇರುವ ಮನೆ. ಸಂಜೆ ಗುಡ್ಡೆಗೆ ಹೋದ ಹೊತ್ತಿನಲ್ಲಿ ಮಾತ್ರ ಯಾರೂ ಕರೆಯುವ ಹಾಗಿಲ್ಲ. ಸೊಸೆಯಂದಿರೂ ಹೆಣ್ಣುಮಕ್ಕಳೂ ಒಟ್ಟಾಗಿ ಹೋಗಿ, ಕೆಲಸ ಮುಗಿಸಿ, ಮೇಲಿನ ಪಾದೆಬಂಡೆಯ ಮೇಲೆ ಕೂತುಬಿಡುತ್ತಿದ್ದರಂತೆ. ದೂರದಲ್ಲಿ ಕಡಲು. ಗಾಳಿ. ಅತ್ತೆಯಂದಿರು ನಡೆಯುವ ರೀತಿ, ಮಾವಂದಿರು ಕೆಮ್ಮುವ ರೀತಿ, ಎಲ್ಲ ಮಾಡಿ ತೋರಿಸಿ ಹೊಟ್ಟೆ ಹಿಡಿದು ನಗುವುದಂತೆ. ಕತ್ತಲಾಗುವಾಗ ಏನೂ ಆಗದವರ ಹಾಗೆ ಚೊಂಬು ಹಿಡಿದು ಇಳಿದು ಬರುವುದು. ಮದುವೆಯಾಗಿ ಉರ್ವಕ್ಕೆ ಬಂದ ಮೇಲೆ ಅದೊಂದು ತಪ್ಪಿಹೋಯಿತು ಎಂದರು.

"ಕಕ್ಕಸು ಬಂತು, ಗುಡ್ಡೆ ಹೋಯ್ತು" ಎಂದು ಚೀಲ ನನ್ನ ಕೈಗೆ ಕೊಟ್ಟರು. ಮಗನಿಗೆ ನೀವೇ ಹೇಳಿ ಎಂದು ನಾನು ಕೇಳಿಕೊಂಡೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. "ನೀನೇ ಕೇಳು. ನಾನು ಈ ಸಲ ನಗುವುದಿಲ್ಲ. ಅಷ್ಟು ಮಾಡ್ತೇನೆ."

ದೀಪಾವಳಿಯ ಹಣತೆಗಳನ್ನು ಒರೆಸಿ ಎತ್ತಿಟ್ಟ ದಿನ ಬಂದರಿನವರು ಬಂದರು. ನಾನು ಬೆಳಿಗ್ಗೆಯಿಂದ ಮಾತು ಹೊಂದಿಸಿಕೊಂಡಿದ್ದೆ. ಈ ಸಲ ತಪ್ಪಬಾರದೆಂದು 'ಘಟ್ಟ', 'ಕುದುರೆಮುಖ' ಎಂದೆಲ್ಲ ಒಲೆಯ ಮುಂದೆ ಹೇಳಿ ಅಭ್ಯಾಸ ಮಾಡಿದ್ದೆ. ಚಹಾ ಕೊಟ್ಟೆ. ಬಾಗಿಲ ಮರೆಗೆ ಸರಿಯದೆ ನಿಂತೆ. ಬಾಯಿ ತೆರೆದರೆ ಬಂದದ್ದು ಮತ್ತೆ ಅದೇ.

"ನನಗೂ ಗುಡ್ಡೆಗೆ ಬರ್ಬೇಕು. ನಿಮ್ಮ ಒಟ್ಟಿಗೆ."

ಒಳಗಿನಿಂದ ಅತ್ತೆಯ ಕೆಮ್ಮು ಮಾತ್ರ ಕೇಳಿಸಿತು. ನಗು ನುಂಗಿದ ಕೆಮ್ಮು ಎಂದು ನನಗೊಬ್ಬಳಿಗೇ ಗೊತ್ತು. ಅಜ್ಜನಿಗೆ ಈ ಸಲ ಅರ್ಥವಾಯಿತು. ಅರ್ಥವಾದದ್ದರಿಂದಲೇ ಗೆಳೆಯನ ಮುಖ ನೋಡಿದರು. ಬಂದರಿನವರು ತನ್ನ ಮನೆಯಾಕೆಯೂ ಕಳೆದ ತಿಂಗಳಿಂದ ಇದನ್ನೇ ಹೇಳುತ್ತಿದ್ದಾಳೆಂದೂ, ಗಲ್ಫಿಗೆ ಹೋಗುವ ಮೊದಲು ತನ್ನನ್ನು ಒಂದು ಕಡೆಗಾದರೂ ಕರಕೊಂಡು ಹೋಗಬೇಕೆಂದು ಹಟ ಹಿಡಿದಿದ್ದಾಳೆಂದೂ ಹೇಳಿದರು. ಒಬ್ಬಳೇ ಹೆಂಗಸನ್ನು ಹೇಗೆ ಕರೆದೊಯ್ಯುವುದೆಂದು ಇಷ್ಟು ದಿನ ಸುಮ್ಮನಿದ್ದರಂತೆ.

ಅಜ್ಜ ಬೇರೆ ಬೇರೆ ಕಾರಣ ಹುಡುಕಿದರು. ಚಳಿ ಎಂದರು, ಉಂಬಳ ಎಂದರು. ಜನ ಕೇಳಿದರೆ ಎಂತ ಹೇಳುವುದು ಎಂದದ್ದಕ್ಕೆ ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು. "ಗುಡ್ಡೆಗೆ ಹೋಗಿದ್ದಾಳೆ ಅಂತ ಹೇಳ್ತೇನೆ. ಸುಳ್ಳಾ ಅದು?"

ಅಜ್ಜನ ಬಳಿ ಉಳಿದದ್ದು ಒಂದೇ ಪ್ರಶ್ನೆ. "ಇನ್ನು ಇವಳಿಗೆ ಚೀಲ ಹೊಲಿಯುವುದು ಯಾವಾಗ?"

"ಹೊಲಿದು ಆಗಿದೆ" ಎಂದೆ.

ನನ್ನ ಜೀವನದಲ್ಲಿ ಅಷ್ಟು ಗಟ್ಟಿ ದನಿಯಲ್ಲಿ ನಾನು ಇನ್ನೊಂದು ಮಾತು ಆಡಿದ ನೆನಪಿಲ್ಲ.

ಹೊರಡುವ ತಯಾರಿಯೇ ಒಂದು ಹಬ್ಬ. ಮಂಗಳೂರಿನಲ್ಲಿ ಯಾರ ಮನೆಯಲ್ಲೂ ಸ್ವೆಟರ್ ಇರುತ್ತಿರಲಿಲ್ಲ. ಬಂದರಿನವರ ಅಣ್ಣ ಗಲ್ಫಿನಿಂದ ತಂದ ಕಂಬಳಿ ಒಂದು ಬಂತು. ದಪ್ಪಗೆ, ನುಣ್ಣಗೆ, ಮೇಲೆ ಬಾಯಿ ತೆರೆದ ದೊಡ್ಡ ಹುಲಿಯ ಚಿತ್ರ. ಅದನ್ನು ಸುತ್ತಿ ನನ್ನ ಚೀಲದಲ್ಲಿ ತುರುಕಿದರೆ ಹುಲಿಯ ಒಂದು ಕಣ್ಣು ಹೊರಗೆ ನೋಡುತ್ತಿತ್ತು. ಅತ್ತೆ ಒಣಮೀನಿನ ಚಟ್ನಿ ಮಾಡಿ ಬಾಟಲಿಗೆ ತುಂಬಿದರು. ನಾನು ಗರಿಗರಿ ಒಣ ಅಕ್ಕಿ ರೊಟ್ಟಿಯ ಕಟ್ಟು ಇಟ್ಟೆ, ಕುಚ್ಚಲಕ್ಕಿ ಇಟ್ಟೆ. ಬೆಳ್ತಿಗೆ ಅಕ್ಕಿ ಬೇಗ ಬೇಯುತ್ತದೆ, ಅದೇ ಇಡು ಎಂದು ಅಜ್ಜ ಹೇಳಿದರು. ಬೆಳ್ತಿಗೆ ಗಂಜಿ ಕುಡಿದು ಬೆಟ್ಟ ಹತ್ತಲು ನಾವು ಏನು ಜ್ವರ ಬಂದವರೇ ಎಂದು ನಾನು ಕೇಳಲಿಲ್ಲ. ಅವರು ಆಚೆ ಹೋದ ಮೇಲೆ ಕುಚ್ಚಲಕ್ಕಿಯನ್ನೇ ಕಟ್ಟಿದೆ.

ಬೆಳಗಿನ ಬಸ್ಸಿನಲ್ಲಿ ಬಂದರಿನವರ ಹೆಂಡತಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ತಲೆಗೆ ಬಿಳಿ ಶಾಲು, ಮಡಿಲಲ್ಲಿ ಪತ್ತಿರದ, ಅವರ ಮನೆಯ ತೆಳು ಮೆತ್ತನೆ ಅಕ್ಕಿ ರೊಟ್ಟಿಯ ಬುತ್ತಿ. ಅವರಿಗೆ ತುಳು ಅಷ್ಟಕ್ಕಷ್ಟೇ, ನನಗೆ ಬ್ಯಾರಿ ಭಾಷೆ ಬಾರದು. ಬೆಳ್ತಂಗಡಿ ತಲುಪುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು, ಮತ್ತೆ ಕಿಟಕಿಯ ಹೊರಗೆ ನೋಡುವುದು, ಅಷ್ಟೇ. ಆ ರಾತ್ರಿ ಬೆಟ್ಟದ ಬುಡದ ಒಂದು ಪರಿಚಯದ ಮನೆಯಲ್ಲಿ ತಂಗಿ, ಮರುದಿನ ಬೆಳಕು ಹರಿಯುವಾಗ ಹತ್ತಲು ಶುರು.

ಗದ್ದೆಯಲ್ಲಿ ನೇಜಿ ನೆಡುವಾಗ ಕಟ್ಟುವ ಹಾಗೆ ಸೀರೆಯನ್ನು ಎತ್ತಿ ಕಚ್ಚೆ ಹಾಕಿದೆ. ಚೀಲವನ್ನು ಬೆನ್ನಿಗೆ ಏರಿಸಿ ಸೊಂಟದ ಪಟ್ಟಿ ಬಿಗಿದಾಗ ನನಗೆ ಬಂದ ಖುಷಿಯನ್ನು ಹೇಗೆ ಬರೆಯಲಿ. ಅಳತೆ ಎಳ್ಳಷ್ಟೂ ತಪ್ಪಿರಲಿಲ್ಲ. ಕಾಡಿನೊಳಗೆ ಕಡಿದಾದ ಏರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ರಬ್ಬರ್ ಚಪ್ಪಲಿಯ ಬಾರು ಕಿತ್ತಿತು. ಪಿನ್ನು ಹಾಕಿದೆ, ಪಿನ್ನು ಬಾಗಿತು. ಚಪ್ಪಲಿ ಚೀಲಕ್ಕೆ ಸಿಕ್ಕಿಸಿ ಬರಿಗಾಲಿನಲ್ಲಿ ನಡೆದೆ. ಊರಿನ ಮುರಕಲ್ಲಿನ ಮೇಲೆ ಬೆಳೆದ ಕಾಲು, ಅದಕ್ಕೆ ಕಾಡಿನ ಎಲೆಮಣ್ಣು ಹಾಸಿಗೆಯ ಹಾಗಿತ್ತು. ಏದುಸಿರು ಬಿಡುತ್ತಿದ್ದದ್ದು ಕ್ಯಾನ್ವಾಸ್ ಶೂ ಹಾಕಿದ್ದ ಅಜ್ಜನೇ. ನಿನ್ನ ಹುಲಿ ನನ್ನನ್ನೇ ನೋಡ್ತಾ ಉಂಟು ಎಂದು ಹಿಂದೆ ಬರುತ್ತಿದ್ದ ಬಂದರಿನವರ ಹೆಂಡತಿ ನನಗೆ ಹೇಳಿದರು. ಅದು ನಮ್ಮಿಬ್ಬರ ಮೊದಲ ಮಾತು. ಆಮೇಲೆ ಮಾತಿಗೆ ಭಾಷೆಯ ಕೊರತೆಯಾಗಲಿಲ್ಲ.

ಕಾಡು ಮುಗಿಯುವುದು ಒಮ್ಮೆಲೇ. ಬಾಗಿಲು ತೆರೆದ ಹಾಗೆ. ಆಚೆ ಹುಲ್ಲು, ಬರೀ ಹುಲ್ಲು. ನಾನು ಅಂಗಳದಲ್ಲಿ ಕೊಡವುತ್ತಿದ್ದ ಬೀಜಗಳ ಹುಲ್ಲು ಅದು. ಗಾಳಿ ಬಂದಾಗ ಇಡೀ ಬೆಟ್ಟ ಮೈ ಕೊಡವಿದ ಹಾಗೆ ಹೊಳೆಯುತ್ತಿತ್ತು. ನಾನು ಕೈ ಚಾಚಿ ಅದರ ತೆನೆಯ ಮೇಲೆ ಆಡಿಸಿಕೊಂಡು ನಡೆದೆ.

ಮೇಲೆ ಒಂದು ಹಳೆಯ ಕಲ್ಲುಗೋಡೆಯ ಮರೆಯಲ್ಲಿ ತಂಗುವುದೆಂದಾಯಿತು. ನಾನು ಒಲೆ ಹೂಡಲು ಹೋದರೆ ಅಜ್ಜ ಬಿಡಲಿಲ್ಲ. ಇಲ್ಲಿ ಅಡಿಗೆ ಗಂಡಸರದ್ದು, ಅದು ಮೊದಲಿಂದ ನಡೆದುಬಂದದ್ದು ಎಂದರು. ಊರಿಗೆಲ್ಲ ಚಹಾ ಕೊಡಿಸುವ ಮನುಷ್ಯ, ತಾನೇ ಕೂತು ಊದಿ ಬೆಂಕಿ ಮಾಡಿ, ಬೆಲ್ಲ ಹಾಕಿದ ಚಹಾವನ್ನು ತಂದು ಮೊದಲು ನನ್ನ ಕೈಗೆ ಕೊಟ್ಟರು. ಬೇರೆಯವರು ಮಾಡಿದ ಚಹಾವನ್ನು ಕಾಲು ನೀಡಿ ಕೂತು ಕುಡಿದದ್ದು ಮದುವೆಯಾದ ಮೇಲೆ ಅದೇ ಮೊದಲು. ಗಂಜಿಯ ಕತೆ ಬೇರೆ. ಅಕ್ಕಿ ಯಾವುದೆಂದು ಅಜ್ಜನಿಗೆ ತಿಳಿದದ್ದು ನೀರು ಎರಡನೇ ಸಲ ಬತ್ತಿದಾಗ. ಮುಚ್ಚಳ ತೆಗೆದು ನೋಡಿದರು, ನನ್ನನ್ನು ನೋಡಿದರು, ಮತ್ತೆ ಸೌದೆ ತರಲು ಹೋದರು. ಹಸಿವು ತಡೆಯಲು ರೊಟ್ಟಿಯ ಕಟ್ಟು ಬಿಚ್ಚಿದರೆ ಹುಲಿಯ ಕೆಳಗೆ ಸಿಕ್ಕಿ ಅದು ಪುಡಿಪುಡಿ. ಆ ಪುಡಿಯನ್ನೇ ಒಣಮೀನಿನ ಚಟ್ನಿಗೆ ಕಲಸಿ, ಪತ್ತಿರದಲ್ಲಿ ಸುತ್ತಿ ತಿಂದೆವು. ಕೊನೆಗೆ ಬೆಂದ ಆ ಗಂಜಿಯ ರುಚಿ ಇನ್ನೂ ನನ್ನ ನಾಲಿಗೆಯಲ್ಲಿದೆ.

ಆ ಸಂಜೆ ನಡೆದದ್ದನ್ನು ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಬರೆಯದಿದ್ದರೆ ಈ ಕತೆಗೆ ಅರ್ಥವಿಲ್ಲ. ಗಂಡಸರಿಬ್ಬರೂ ಪಶ್ಚಿಮಕ್ಕೆ ಕೈ ತೋರಿಸಿ ಜಗಳವಾಡುತ್ತಿದ್ದರು. ಅಲ್ಲಿ ಕಾಣುವುದು ಬೈಕಂಪಾಡಿಯ ಕಾರ್ಖಾನೆಯ ಹೊಗೆ ಎಂದು ಅಜ್ಜ, ಮೋಡಕ್ಕೂ ಹೊಗೆಗೂ ವ್ಯತ್ಯಾಸ ಗೊತ್ತಿಲ್ಲವಾ ಮಾರಾಯ ಎಂದು ಬಂದರಿನವರು. ಬಂದರಿನವರ ಹೆಂಡತಿ ನನ್ನ ಹತ್ತಿರ ಬಂದು, ಸೆರಗು ಎಳೆದು, ಮೆಲ್ಲಗೆ ಗುಡ್ಡೆಗೆ ಹೋಗಬೇಕು ಎಂದರು. ನಿಜವಾದ ಗುಡ್ಡೆಗೆ.

ಇಬ್ಬರೂ ಹುಲ್ಲಿನ ಒಂದು ದಿಬ್ಬ ದಾಟಿ ಆಚೆ ಇಳಿದೆವು. ಮರವಿಲ್ಲ, ಪೊದೆಯಿಲ್ಲ, ಕಣ್ಣು ಹರಿಯುವಷ್ಟು ದೂರವೂ ಬೆಟ್ಟದ ಹಿಂದೆ ಬೆಟ್ಟ. ಅವರು ಸೊಂಟಕ್ಕೆ ಕೈ ಇಟ್ಟು ಸುತ್ತಲೂ ನೋಡಿ, ತಮ್ಮ ಅರೆಬರೆ ತುಳುವಿನಲ್ಲಿ, "ಇಷ್ಟು ದೊಡ್ಡ ಗುಡ್ಡೆ. ಎಲ್ಲಿ ಅಂತ ಕೂರುವುದು ಮಾರಾಯ್ತಿ?" ಎಂದರು.

ನಾನು ನಕ್ಕದ್ದಕ್ಕೆ ಅವರೂ ನಕ್ಕರು. ನಗು ನಿಲ್ಲಲೇ ಇಲ್ಲ. ಹುಲ್ಲಿನ ಮೇಲೆ ಬಿದ್ದು ನಕ್ಕೆವು. ಹೋದ ವರ್ಷ ಜಗಲಿಯಲ್ಲಿ ನಡೆದದ್ದನ್ನು ಅವರಿಗೆ ಹೇಳಿದೆ, ಮತ್ತೆ ನಕ್ಕೆವು. ಆಮೇಲೆ ದಿಬ್ಬದ ಅಂಚಿಗೆ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿ ಕೂತೆವು. ಕೆಳಗೆ ನಾವು ಬಂದ ಕಾಡು, ಅದರಾಚೆ ಹೊಳೆಗಳ ಬೆಳ್ಳಿಗೆರೆ, ಎಲ್ಲಕ್ಕೂ ಆಚೆ ಸ್ಟೀಲು ತಟ್ಟೆಯ ಅಂಚಿನ ಹಾಗೆ ಕಡಲು ಮಿನುಗಿತು. ನಮಗೆ ಮೀನು ತರುವ ಬೆಂಗ್ರೆಯ ಹೆಂಗಸು ಹೇಳುತ್ತಿದ್ದಳು, ದೋಣಿಯವರಿಗೆ ದೂರ ಕಡಲಿನಿಂದ ಮೊದಲು ಕಾಣುವುದು ಈ ಬೆಟ್ಟವಂತೆ, ಕುದುರೆ ತಲೆ ಎತ್ತಿದರೆ ಮನೆ ಹತ್ತಿರ ಎಂದು ತಿಳಿಯುವುದಂತೆ. ಅವರು ನೋಡುವ ಕುದುರೆಯ ಕತ್ತಿನ ಮೇಲೆ ನಾನು ಕೂತಿದ್ದೆ.

ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಯಾರೂ ಕರೆಯಲಿಲ್ಲ. ಕರೆಯುವ ಹಾಗೂ ಇರಲಿಲ್ಲ. ನಾವು ಗುಡ್ಡೆಗೆ ಹೋದವರು, ಗಂಡಸರು ದಿಬ್ಬದ ಈಚೆ ಕಾಯುವುದೇ ಮರ್ಯಾದೆ. ಅತ್ತೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ ಪಾದೆ, ಗಾಳಿ, ದೂರದ ಕಡಲು ಎಲ್ಲವೂ ಅಲ್ಲಿತ್ತು. ಜನರು ಭಾರ ಹೊತ್ತು, ಕಾಲು ನೋಯಿಸಿಕೊಂಡು, ಅರೆಬೆಂದದ್ದನ್ನು ತಿಂದು ಏಕೆ ಮತ್ತೆ ಮತ್ತೆ ಬೆಟ್ಟಕ್ಕೆ ಹೋಗುತ್ತಾರೆಂದು ನನಗೆ ಅವತ್ತು ತಿಳಿಯಿತು. ಬೇಕಾದದ್ದೆಲ್ಲ ಬೆನ್ನ ಮೇಲಿದೆ. ಎಲ್ಲಿ ಹೋದೆ, ಏಕೆ ಹೋದೆ ಎಂದು ಕೇಳುವವರಿಲ್ಲ. ಗಲ್ಲೆಯ ಮುಂದೆ ವರ್ಷವಿಡೀ ಎಲ್ಲರ ಪ್ರಶ್ನೆಗೆ ಉತ್ತರ ಕೊಡುವ ನಿಮ್ಮ ಅಜ್ಜನಿಗೂ ಬೇಕಾದದ್ದು ಅದೇ ಇರಬೇಕು.

ಮರುದಿನ ತುದಿ ಮುಟ್ಟಿ ಇಳಿದೆವು. ಉರ್ವಕ್ಕೆ ಬಂದಾಗ ಅತ್ತೆ ನಿಮ್ಮ ಅಪ್ಪನನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ಒಂದು ಕಳ್ಳ ನಗು. ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಸಾಲಾಗಿ ಪಾತ್ರೆಗಳು. ದಾಳಿಂಬೆ ಸಿಪ್ಪೆಯ ಕಷಾಯ, ಮೆಂತೆ ಹಾಕಿದ ಮಜ್ಜಿಗೆ, ಯಾರೋ ಕೊಟ್ಟ ಜಾಯಿಕಾಯಿ, ಎಲ್ಲ ಭೇದಿಯ ಮದ್ದು. ಬೆಂಗ್ರೆಯ ಮೀನಿನವಳು ಸೊಸೆ ಎಲ್ಲಿ ಎಂದು ಕೇಳಿದಳಂತೆ. ಅತ್ತೆ ಮಾತು ಕೊಟ್ಟ ಹಾಗೆ ಗುಡ್ಡೆಗೆ ಹೋಗಿದ್ದಾಳೆ ಎಂದರು. ಮರುದಿನವೂ ಕೇಳಿದಳು, ಅದೇ ಉತ್ತರ. ಇನ್ನೂ ಬಂದಿಲ್ಲವಾ ಎಂದು ಅವಳು ಗಾಬರಿಯಾಗಿ ಹೋದಳು, ಬುಟ್ಟಿಯೊಂದಿಗೆ ಸುದ್ದಿಯೂ ಮನೆಮನೆಗೆ ಹೋಯಿತು. ಎದುರು ಮನೆಯಾಕೆ ಎರಡು ಹೊತ್ತು ಕಷಾಯ ತಂದುಕೊಟ್ಟು, ಮೂರನೇ ದಿನ ಡಾಕ್ಟರಿಗೆ ತೋರಿಸಿ ಎಂದು ಅಳುಮುಖ ಮಾಡಿದರಂತೆ. ಅತ್ತೆ ಅಷ್ಟಾದರೂ ಸುಳ್ಳು ಹೇಳಲಿಲ್ಲ. ತುಂಬ ದೊಡ್ಡ ಗುಡ್ಡೆ, ಸಮಯ ತಾಗುತ್ತದೆ ಎಂದರಂತೆ.

ಎಲ್ಲ ನಕ್ಕು ಮುಗಿದ ಮೇಲೆ ಅತ್ತೆ ನನ್ನ ಸೀರೆಯ ಅಂಚಿಗೆ ಅಂಟಿದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು.

"ಅಲ್ಲಿ ಯಾರಾದರೂ ಕರೆದರಾ?" ಎಂದು ಕೇಳಿದರು.

ಇಲ್ಲ ಎಂದೆ. ಅವರು ತಲೆ ಆಡಿಸಿ, ಬೀಜಗಳನ್ನು ಹಿತ್ತಿಲಿಗೆ ಒಯ್ದು ಬಾವಿಕಟ್ಟೆಯ ಬದಿಗೆ ಚೆಲ್ಲಿದರು.

ಅದೇ ಕೊನೆಯದಾಗಲಿಲ್ಲ. ಬಂದರಿನವರು ರಜೆ ಸಿಕ್ಕಾಗಲೆಲ್ಲ ಗಲ್ಫಿನಿಂದ ಬಂದರು, ಎಂಬತ್ತರ ದಶಕವಿಡೀ ನಾವು ನಾಲ್ವರೂ ಹೋದೆವು. ಅವರು ಬಾರದ ವರ್ಷಗಳಲ್ಲಿಯೂ, ಒಬ್ಬ ಹೋಗುವವನಲ್ಲ ಎಂದಿದ್ದ ಅಜ್ಜ ನನ್ನೊಂದಿಗೆ ಹೋದರು, ಬಂದರಿನವರ ಹೆಂಡತಿ ಜೊತೆಗೆ ಬಂದರು. ಮಳೆ ನಿಂತ ಕೂಡಲೇ ಅತ್ತೆಯೇ ಚೀಲ ತೆಗೆದು ಬಿಸಿಲಿಗೆ ಹಾಕುತ್ತಿದ್ದರು. ಅಜ್ಜ ಈಗ ಇಲ್ಲ. ಅವರ ಚೀಲದ ಸೊಂಟದ ಪಟ್ಟಿ ಮಾತ್ರ ಇನ್ನೂ ಗಟ್ಟಿಯಾಗಿದೆ, ಬೇಕಾದರೆ ಎಳೆದು ನೋಡಿ.

ಆದರೆ ನಾನು ನಿಮಗೆ ಹೇಳಬೇಕಾದದ್ದು ಆ ಮೊದಲ ಪಯಣದ ಮರುವರ್ಷದ್ದು. ದೀಪಾವಳಿ ಹತ್ತಿರವಿತ್ತು, ನಾನು ಮಿಷನಿನ ಮುಂದೆ ಕೂತು ಹರಿದ ಹೊಲಿಗೆ ಸರಿ ಮಾಡುತ್ತಿದ್ದೆ. ಎದುರು ಮನೆಯಾಕೆ, ಕಷಾಯ ತಂದವರು, ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ. ಗೇಟಿನ ಸರಳು ಹಿಡಿದು ಆಚೆ ಈಚೆ ನೋಡಿ, ಇನ್ನಾರಿಗೂ ಕೇಳದ ದನಿಯಲ್ಲಿ ಹೇಳಿದರು.

"ನನಗೂ ಒಮ್ಮೆ ಗುಡ್ಡೆಗೆ ಬರಬೇಕಿತ್ತು."

ಒಳಗೆ ಅತ್ತೆಯ ಮೊರ ನಿಂತಿತು. ನಾನು ಪೆಡಲಿನಿಂದ ಕಾಲು ತೆಗೆದೆ. ಅತ್ತೆ ನಗಲಿಲ್ಲ, ಕೆಮ್ಮಲೂ ಇಲ್ಲ. ಮೊರ ಬದಿಗಿಟ್ಟು ಬಾಗಿಲಿಗೆ ಬಂದರು.

"ಬಿಸಿಲಲ್ಲಿ ಎಂತಕ್ಕೆ ನಿಂತಿದ್ದೀ? ಒಳಗೆ ಬಾ. ಭುಜದ ಅಳತೆ ತೆಗೀಬೇಕು."